ಜಾಲತಾಣದ ಮಾರಾಟದ ಲೆಕ್ಕ ತಪ್ಪುವುದೇಕೆ? ಸರಿಪಡಿಸುವ ಬಗೆ ಹೇಗೆ?

ದಾವಣಗೆರೆ: ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ನಗರದ ವರ್ತಕರಿಗೆ ಲೆಕ್ಕವೆಂಬುದು ಹೊಸ ವಿದ್ಯೆಯೇನಲ್ಲ. ದಿನದ ವಹಿವಾಟನ್ನು ಕಿರ್ದಿಗೆ ಬರೆದು, ಕಿರ್ದಿಯಿಂದ ಖಾತೆಗೆ ಏರಿಸಿ, ಸಂಜೆ ಗಲ್ಲಾಪೆಟ್ಟಿಗೆಯ ಹಣದೊಡನೆ ತಾಳೆ ನೋಡಿದ ಮೇಲೆಯೇ ಅಂಗಡಿಯ ಬಾಗಿಲು ಹಾಕುವುದು ಇಲ್ಲಿನ ಪೇಟೆಯ ಹಳೆಯ ಶಿಸ್ತು. ಆದರೆ ಸೀರೆಯನ್ನೋ ಮಂಡಕ್ಕಿಯನ್ನೋ ಅಂತರಜಾಲದ ಮೂಲಕ ಮಾರಲು ಹೊರಟಾಗ ಮಾತ್ರ, ಯಾವ ಗಲ್ಲಾಪೆಟ್ಟಿಗೆಯೊಡನೆಯೂ ತಾಳೆ ನೋಡದ ಒಂದು ಲೆಕ್ಕವನ್ನು ನಂಬಿ ಜಾಹೀರಾತಿಗೆ ಹಣ ಹಾಕುವುದು ರೂಢಿಯಾಗಿದೆ.

ಆ ಲೆಕ್ಕವೇ ಖರೀದಿ ಪರಿವರ್ತನೆಯ ಲೆಕ್ಕ. ಜಾಹೀರಾತು ಕ್ಷೇತ್ರದವರು ಇದನ್ನು ಕನ್ವರ್ಷನ್ ಎನ್ನುತ್ತಾರೆ. ಜಾಹೀರಾತು ಕಂಡು ಜಾಲತಾಣಕ್ಕೆ ಬಂದವರಲ್ಲಿ ಎಷ್ಟು ಮಂದಿ ನಿಜವಾಗಿ ಹಣ ಕೊಟ್ಟು ಕೊಂಡರು ಎಂಬುದನ್ನು ಅದು ಹೇಳಬೇಕು. ಹೇಳಬೇಕಾದದ್ದನ್ನು ಅದು ಸರಿಯಾಗಿ ಹೇಳುವುದು ಅಪರೂಪ. ಇದರ ಕಾರಣಗಳನ್ನೂ ಪರಿಹಾರಗಳನ್ನೂ ಸಣ್ಣ ವರ್ತಕರಿಗೂ ಅವರ ಜಾಲತಾಣ ನೋಡಿಕೊಳ್ಳುವ ತಂತ್ರಜ್ಞರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಎಣಿಸುವವರು ಯಾರು?

ಗ್ರಾಹಕನು ಜಾಹೀರಾತನ್ನು ಒತ್ತಿದಾಗ ಜಾಲತಾಣದ ವಿಳಾಸದ ಬಾಲಕ್ಕೆ ಒಂದು ಗುರುತು ಅಂಟಿಕೊಂಡು ಬರುತ್ತದೆ. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ತುಣುಕು ಆ ಗುರುತನ್ನು ಗ್ರಾಹಕನ ಬ್ರೌಸರ್‌ನಲ್ಲಿಯೇ ಕುಕಿ ಎಂಬ ಸಣ್ಣ ಚೀಟಿಯಾಗಿ ಬರೆದಿಡುತ್ತದೆ. ಗ್ರಾಹಕ ಸರಕು ಆರಿಸಿ, ಹಣ ಪಾವತಿಸಿ, ಕೊನೆಗೆ ಧನ್ಯವಾದ ಪುಟ ತೆರೆದಾಗ ಇನ್ನೊಂದು ತುಣುಕು ಎಚ್ಚರಗೊಂಡು ಆರ್ಡರ್ ಸಂಖ್ಯೆ, ಮೊತ್ತ ಮತ್ತು ಹಳೆಯ ಚೀಟಿಯ ಗುರುತನ್ನು ಒಟ್ಟುಗೂಡಿಸಿ ಗೂಗಲ್‌ಗೋ ಮೆಟಾ ಸಂಸ್ಥೆಗೋ ವರದಿ ಕಳುಹಿಸುತ್ತದೆ. 2005ರ ನವೆಂಬರ್‌ನಲ್ಲಿ ಗೂಗಲ್ ಅನಾಲಿಟಿಕ್ಸ್ ಆರಂಭವಾದಾಗಿನಿಂದ ತತ್ವ ಇದೇ. ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿ ಜಿಎ4 ಅದರ ಸ್ಥಾನಕ್ಕೆ ಬಂದರೂ ತತ್ವ ಬದಲಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಣಿಸುತ್ತಿರುವುದು ಅಂಗಡಿಯವನಲ್ಲ, ಬ್ಯಾಂಕೂ ಅಲ್ಲ. ಗ್ರಾಹಕನ ಕೈಯಲ್ಲಿರುವ ಮೊಬೈಲ್ ಎಣಿಸುತ್ತಿದೆ. ಆ ಮೊಬೈಲ್ ಕೊನೆಯ ಪುಟವನ್ನು ತೆರೆಯದಿದ್ದರೆ ಮಾರಾಟ ನಡೆದೂ ಎಣಿಕೆಗೆ ಬರುವುದಿಲ್ಲ. ಎರಡು ಬಾರಿ ತೆರೆದರೆ ಒಂದೇ ಮಾರಾಟ ಎರಡಾಗುತ್ತದೆ.

ಮೊದಲು ತಾಳೆ, ಆಮೇಲೆ ತಂತ್ರ

ಲೆಕ್ಕ ತಪ್ಪಿದೆ ಎಂದೊಡನೆ ತುಣುಕುಗಳನ್ನು ತಿದ್ದಲು ಕೂರುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮೊದಲು ಮುಗಿದುಹೋದ ಒಂದು ವಾರವನ್ನು ಆರಿಸಿಕೊಳ್ಳಬೇಕು. ಚಾಲ್ತಿಯಲ್ಲಿರುವ ವಾರ ಬೇಡ; ಜಿಎ4 ವರದಿಗಳು ಪೂರ್ಣವಾಗಲು 24ರಿಂದ 48 ಗಂಟೆ ಹಿಡಿಯುವುದುಂಟು. ಆ ವಾರದ ಆರ್ಡರ್ ಸಂಖ್ಯೆಗಳ ಪಟ್ಟಿಯನ್ನು ಅಂಗಡಿಯ ದತ್ತಸಂಚಯದಿಂದಲೂ ಪಾವತಿ ದ್ವಾರದಿಂದಲೂ ಅನಾಲಿಟಿಕ್ಸ್‌ನಿಂದಲೂ ತೆಗೆದು, ಒಂದರ ಪಕ್ಕ ಒಂದನ್ನಿಟ್ಟು ಸಾಲು ಸಾಲಾಗಿ ಹೋಲಿಸಬೇಕು. ಒಟ್ಟು ಮೊತ್ತವನ್ನಷ್ಟೇ ಹೋಲಿಸಿದರೆ ಏನೂ ತಿಳಿಯದು.

ಮಂಡಿಪೇಟೆಯ ಒಂದು ಸೀರೆ ಅಂಗಡಿಯ ಜಾಲತಾಣದಲ್ಲಿ ವಾರಕ್ಕೆ 100 ಆರ್ಡರ್ ಬಂದವೆಂದು ಭಾವಿಸೋಣ. ಅನಾಲಿಟಿಕ್ಸ್ 81 ತೋರಿಸುತ್ತದೆ. ಹತ್ತೊಂಬತ್ತು ತಪ್ಪಿಹೋಗಿವೆ ಎಂದು ಯಾರಾದರೂ ತೀರ್ಮಾನಿಸುತ್ತಾರೆ. ಸಾಲು ಸಾಲಾಗಿ ತಾಳೆ ನೋಡಿದರೆ ಎರಡೂ ಕಡೆ ಇರುವುದು 74 ಮಾತ್ರ. ಉಳಿದ 7ರಲ್ಲಿ ನಾಲ್ಕು ಒಂದೇ ಆರ್ಡರ್‌ನ ಮರುಎಣಿಕೆ, ಮೂರು ಜಾಲತಾಣ ಕಟ್ಟಿದವರು ಮಾಡಿ ನೋಡಿದ ಪರೀಕ್ಷಾ ಆರ್ಡರ್. ಎಂದರೆ ತಪ್ಪಿಹೋದದ್ದು 19 ಅಲ್ಲ, 26. ಎರಡು ವಿರುದ್ಧ ದೋಷಗಳು ಒಂದನ್ನೊಂದು ಮರೆಮಾಚಿ ಲೆಕ್ಕವನ್ನು ಇದ್ದುದಕ್ಕಿಂತ ಚೆನ್ನಾಗಿ ಕಾಣಿಸುತ್ತವೆ. ಒಂದನ್ನು ಮಾತ್ರ ಸರಿಪಡಿಸಿದಾಗ ಲೆಕ್ಕ ಮೊದಲಿಗಿಂತ ಕೆಟ್ಟಿತೆಂಬ ಭ್ರಮೆ ಹುಟ್ಟುವುದೂ ಇದರಿಂದಲೇ.

ತಾಳೆ ನೋಡುವ ಮುನ್ನ ಗಡಿಯಾರವನ್ನೂ ಪರಿಶೀಲಿಸಬೇಕು. ಅನಾಲಿಟಿಕ್ಸ್ ಖಾತೆ ತೆರೆಯುವಾಗ ಕಾಲವಲಯವನ್ನು ಭಾರತಕ್ಕೆ ಹೊಂದಿಸದೆ ಅಮೆರಿಕದ ಪೆಸಿಫಿಕ್ ವೇಳೆಗೆ ಬಿಟ್ಟಿದ್ದರೆ, ದಿನವು ನಮಗಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ತಡವಾಗಿ ಬದಲಾಗುತ್ತದೆ. ಶನಿವಾರ ಬೆಳಿಗ್ಗೆ 10ಕ್ಕೆ ಆದ ವ್ಯಾಪಾರ ಶುಕ್ರವಾರದ ಕಾಲಂಗೆ ಹೋಗಿ ಕೂರುತ್ತದೆ. ಹಾಗೆಯೇ ಗೂಗಲ್ ಆಡ್ಸ್ ಮಾರಾಟವನ್ನು ಜಾಹೀರಾತು ಒತ್ತಿದ ದಿನಕ್ಕೆ ಬರೆಯುತ್ತದೆ; ಅಂಗಡಿಯ ಕಿರ್ದಿ ಹಣ ಬಂದ ದಿನಕ್ಕೆ ಬರೆಯುತ್ತದೆ. ಇವು ದೋಷಗಳಲ್ಲ, ಪದ್ಧತಿಯ ಭೇದ.

ಹೆಚ್ಚು ಎಣಿಕೆಯ ಮೂಲಗಳು

ಹೆಚ್ಚು ಎಣಿಕೆಯನ್ನು ಕಂಡುಹಿಡಿಯುವುದು ಸುಲಭ. ಗ್ರಾಹಕ ಧನ್ಯವಾದ ಪುಟವನ್ನು ಮರುತೆರೆಯುತ್ತಾನೆ. ಮಿಂಚಂಚೆಯಲ್ಲಿ ಬಂದ ಆರ್ಡರ್ ಕೊಂಡಿಯನ್ನು ಎರಡು ದಿನದ ನಂತರ ಒತ್ತಿ ಪಾರ್ಸೆಲ್ ಎಲ್ಲಿದೆ ಎಂದು ನೋಡುತ್ತಾನೆ. ಪ್ರತಿ ಬಾರಿಯೂ ತುಣುಕು ಓಡುತ್ತದೆ. ಇನ್ನು ಕೆಲವು ತಾಣಗಳಲ್ಲಿ ಹಿಂದಿನ ತಂತ್ರಜ್ಞ ಪುಟದ ಒಳಗೇ ಬರೆದ ತುಣುಕು ಹಾಗೆಯೇ ಉಳಿದಿದ್ದು, ಹೊಸಬರು ಟ್ಯಾಗ್ ಮ್ಯಾನೇಜರ್ ಮೂಲಕ ಮತ್ತೊಂದನ್ನು ಸೇರಿಸಿರುತ್ತಾರೆ. ಆಗ ಹೆಚ್ಚುಕಡಿಮೆ ಎಲ್ಲ ಮಾರಾಟವೂ ಇಮ್ಮಡಿಯಾಗುತ್ತದೆ.

ಪ್ರತಿ ವರದಿಯೊಡನೆ ಆರ್ಡರ್ ಸಂಖ್ಯೆಯನ್ನು ಕಡ್ಡಾಯವಾಗಿ ಕಳುಹಿಸುವುದು ಮೊದಲ ಪರಿಹಾರ. ಒಂದೇ ಬಳಕೆದಾರನಿಂದ ಒಂದೇ ಸಂಖ್ಯೆ ಮತ್ತೆ ಬಂದರೆ ಜಿಎ4 ಅದನ್ನು ಕೈಬಿಡುತ್ತದೆ. ಆದರೆ ಇದರಲ್ಲೊಂದು ಗುಂಡಿಯಿದೆ: ತುಣುಕಿನ ದೋಷದಿಂದ ಆರ್ಡರ್ ಸಂಖ್ಯೆಯ ಜಾಗ ಖಾಲಿಯಾಗಿ ಹೋದರೆ ಖಾಲಿ ಸಂಖ್ಯೆಗಳೆಲ್ಲ ಒಂದೇ ಎಂದು ಬಗೆದು ಬೇರೆ ಬೇರೆ ಮಾರಾಟಗಳನ್ನೇ ಅಳಿಸಿಬಿಡುತ್ತದೆ. ಹೆಚ್ಚು ಎಣಿಕೆಗೆ ಹಾಕಿದ ಮದ್ದೇ ಕಡಿಮೆ ಎಣಿಕೆಯ ರೋಗವಾಗುತ್ತದೆ. ಆದ್ದರಿಂದ ಸರ್ವರ್‌ನಲ್ಲಿಯೇ ಪ್ರತಿ ಆರ್ಡರ್‌ಗೂ ಎಣಿಸಲಾಗಿದೆ ಎಂಬ ಗುರುತು ಹಾಕಿ, ಎರಡನೆಯ ಬಾರಿ ಪುಟ ತೆರೆದಾಗ ತುಣುಕನ್ನೇ ಕೊಡದಿರುವುದು ಹೆಚ್ಚು ಭದ್ರವಾದ ಕ್ರಮ.

ಮೊತ್ತದ ತಪ್ಪುಗಳೂ ಇದೇ ಜಾತಿಗೆ ಸೇರಿದವು. ಪಾವತಿ ದ್ವಾರಗಳಲ್ಲಿ ಮೊತ್ತವನ್ನು ಪೈಸೆ ಲೆಕ್ಕದಲ್ಲಿ ಕೊಡುವ ಪದ್ಧತಿಯಿದೆ. ಅದನ್ನು ನೂರರಿಂದ ಭಾಗಿಸಲು ಮರೆತರೆ 1,250 ರೂ. ಸೀರೆ 1,25,000 ರೂ. ಆಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ ತಪ್ಪು ಅಲ್ಪವಿರಾಮದ್ದು. ಪರದೆಯ ಮೇಲಿರುವ 1,250 ಎಂಬ ಬರಹವನ್ನು ಹಾಗೆಯೇ ಓದಿಸಿದರೆ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ ಆಜ್ಞೆ ಅಲ್ಪವಿರಾಮದ ಬಳಿಯೇ ನಿಂತು, ಸೀರೆಯ ಬೆಲೆ 1 ರೂಪಾಯಿ ಎಂದು ವರದಿ ಮಾಡುತ್ತದೆ. 950 ರೂ. ಸೀರೆಗಳು ಸರಿಯಾಗಿ ಎಣಿಕೆಯಾಗುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಹಣ ಬಂತು, ಗ್ರಾಹಕ ಮರಳಲಿಲ್ಲ

ಕಡಿಮೆ ಎಣಿಕೆಯೇ ನಿಜವಾದ ತಲೆನೋವು. ಭಾರತದಲ್ಲಿ ಅದರ ದೊಡ್ಡ ಬಾಗಿಲು ಯುಪಿಐ. ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ತಂದ ಈ ವ್ಯವಸ್ಥೆಯಲ್ಲಿ ಗ್ರಾಹಕ ಪಾವತಿ ಗುಂಡಿ ಒತ್ತಿದೊಡನೆ ಬ್ರೌಸರ್ ಹಿಂದೆ ಸರಿದು ಫೋನ್‌ಪೇ, ಗೂಗಲ್ ಪೇ ಮುಂತಾದ ತಂತ್ರಾಂಶ ಮುಂದೆ ಬರುತ್ತದೆ. ಗುಪ್ತಸಂಖ್ಯೆ ಒತ್ತಿ, ಹಣ ಹೋಯಿತೆಂಬ ಹಸಿರು ಗುರುತು ಕಂಡ ಮೇಲೆ ಗ್ರಾಹಕನ ದೃಷ್ಟಿಯಲ್ಲಿ ವ್ಯಾಪಾರ ಮುಗಿಯಿತು. ಅವನು ಮೊಬೈಲನ್ನು ಜೇಬಿಗೆ ಹಾಕುತ್ತಾನೆ. ಮರಳಿ ಬಂದರೂ ಕಡಿಮೆ ಸ್ಮರಣಶಕ್ತಿಯ ಮೊಬೈಲ್ ಅಷ್ಟರಲ್ಲಿ ಬ್ರೌಸರ್ ಪುಟವನ್ನು ಮುಚ್ಚಿಬಿಟ್ಟಿರುವ ಸಾಧ್ಯತೆ ಇರುತ್ತದೆ. ಧನ್ಯವಾದ ಪುಟ ತೆರೆಯಲೇ ಇಲ್ಲ. ತುಣುಕು ಓಡಲೇ ಇಲ್ಲ. ಅಂಗಡಿಯ ಖಾತೆಗೆ ಹಣ ಮಾತ್ರ ಬಂದಿದೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಕಂಡ ಜಾಹೀರಾತಿನ ವಿಷಯ ಇನ್ನೂ ಜಟಿಲ. ಅವು ಜಾಲತಾಣವನ್ನು ತಮ್ಮದೇ ಒಳ ಬ್ರೌಸರ್‌ನಲ್ಲಿ ತೆರೆಯುತ್ತವೆ. ಪಾವತಿಯ ನಂತರ ಗ್ರಾಹಕ ಕ್ರೋಮ್‌ಗೆ ಬಂದಿಳಿದರೆ ಮೊದಲು ಬರೆದಿಟ್ಟ ಚೀಟಿ ಅಲ್ಲಿರುವುದಿಲ್ಲ, ಏಕೆಂದರೆ ಎರಡು ಬ್ರೌಸರ್‌ಗಳ ಚೀಟಿಪೆಟ್ಟಿಗೆಗಳು ಬೇರೆ ಬೇರೆ. ಮಾರಾಟ ಎಣಿಕೆಯಾಗುತ್ತದೆ, ಆದರೆ ಜಾಹೀರಾತಿನ ಹೆಸರಿಗಲ್ಲ. ಎಲ್ಲಿಂದಲೋ ತಾನಾಗಿ ಬಂದ ಗ್ರಾಹಕನೆಂದು. ಪಾವತಿ ದ್ವಾರದ ಪುಟದಿಂದ ಮರಳಿದ ಗ್ರಾಹಕನನ್ನು ಆ ದ್ವಾರವೇ ಕಳುಹಿಸಿಕೊಟ್ಟಿತೆಂದು ಬರೆದುಕೊಳ್ಳುವುದೂ ಇದೆ. ಜಿಎ4ರಲ್ಲಿ ಬೇಡದ ಶಿಫಾರಸುಗಳ ಪಟ್ಟಿಗೆ ಪಾವತಿ ದ್ವಾರದ ವಿಳಾಸ ಸೇರಿಸಿದರೆ ಇದು ನಿಲ್ಲುತ್ತದೆ. ಐದು ನಿಮಿಷದ ಕೆಲಸ.

ಉಳಿದವು ತುಣುಕಿನದೇ ದೋಷಗಳು. ಜಾಲತಾಣ ಬೇಗ ತೆರೆಯಲೆಂದು ಹಾಕುವ ವೇಗವರ್ಧಕ ತಂತ್ರಾಂಶಗಳಲ್ಲಿ, ಓದುಗ ಪರದೆಯನ್ನು ಮುಟ್ಟುವವರೆಗೆ ಜಾವಾಸ್ಕ್ರಿಪ್ಟನ್ನು ತಡೆಹಿಡಿಯುವ ಸೌಲಭ್ಯವಿರುತ್ತದೆ. ಸರಕಿನ ಪುಟದಲ್ಲಿ ಇದರಿಂದ ಹಾನಿಯಿಲ್ಲ, ಏಕೆಂದರೆ ಅಲ್ಲಿ ಗ್ರಾಹಕ ಮುಟ್ಟಿಯೇ ಮುಟ್ಟುತ್ತಾನೆ. ಧನ್ಯವಾದ ಪುಟದಲ್ಲಿ ಮುಟ್ಟುವುದಕ್ಕೇನಿದೆ? ಓದಿ ಮುಚ್ಚುತ್ತಾನೆ. ಖರೀದಿ ತುಣುಕು ಕಾಯುತ್ತಲೇ ಸಾಯುತ್ತದೆ. ಪಾವತಿ ಗುಂಡಿ ಒತ್ತಿದ ಕ್ಷಣದಲ್ಲಿ ವರದಿ ಕಳುಹಿಸುವಂತೆ ಬರೆದಿದ್ದರೆ, ಪುಟ ಬದಲಾಗುವಾಗ ಬ್ರೌಸರ್ ಆ ವರದಿಯನ್ನು ಅರ್ಧದಲ್ಲೇ ರದ್ದು ಮಾಡಬಹುದು. ಇದಕ್ಕೆಂದೇ ಇರುವ ಸೆಂಡ್‌ಬೀಕನ್ ಆಜ್ಞೆಯನ್ನು ಬಳಸಬೇಕು. ಅದೇ ತುಣುಕಿನಲ್ಲಿ ಮೊದಲ ಸಾಲುಗಳು ಎಡವಿದರೆ ಕೆಳಗಿನ ಸಾಲುಗಳು ಓಡುವುದಿಲ್ಲವಾದ್ದರಿಂದ, ಎಣಿಕೆಯ ಸಾಲುಗಳನ್ನು ಬೇರೆ ಅಲಂಕಾರಿಕ ಕೆಲಸಗಳೊಡನೆ ಒಂದೇ ತುಣುಕಿನಲ್ಲಿ ಕಟ್ಟಿಹಾಕಬಾರದು. ಪುಟ ಬದಲಾಗದೆ ಒಳಗಿನ ವಿಷಯವಷ್ಟೇ ಬದಲಾಗುವ ಹೊಸ ಮಾದರಿಯ ತಾಣಗಳಲ್ಲಿ, ಪುಟ ತೆರೆದಾಗ ಎಣಿಸು ಎಂಬ ಸೂಚನೆಗೆ ಅರ್ಥವೇ ಇರುವುದಿಲ್ಲ.

ಜಾಹೀರಾತು ತಡೆಯುವ ತಂತ್ರಾಂಶಗಳನ್ನೂ ಬ್ರೌಸರ್‌ಗಳ ಗೋಪ್ಯತಾ ನಿಯಮಗಳನ್ನೂ ತಂತ್ರಜ್ಞರು ಮೊದಲು ದೂರುತ್ತಾರೆ. ಅವು ಇವೆ, ನಿಜ. ಆಪಲ್‌ನ ಸಫಾರಿ 2019ರಿಂದ ಜಾವಾಸ್ಕ್ರಿಪ್ಟ್ ಬರೆದ ಚೀಟಿಯನ್ನು 7 ದಿನಕ್ಕೆ, ಜಾಹೀರಾತಿನ ಗುರುತು ಹೊತ್ತು ಬಂದ ಸಂದರ್ಭಗಳಲ್ಲಿ 24 ಗಂಟೆಗೆ ಮಿತಿಗೊಳಿಸಿದೆ. ಸೋಮವಾರ ಜಾಹೀರಾತು ಕಂಡು, ಮನೆಯವರನ್ನು ಕೇಳಿ, ಗುರುವಾರ ಸೀರೆ ಕೊಂಡ ಐಫೋನ್ ಗ್ರಾಹಕಿ ಹೊಸಬಳಾಗಿಬಿಡುತ್ತಾಳೆ. ಆದರೆ ಇದನ್ನು ಅಂಗಡಿಯವನು ತಿದ್ದಲಾರ. ತಿದ್ದಬಹುದಾದ ದೋಷಗಳನ್ನು ಮುಗಿಸುವ ಮುನ್ನ ಇದರ ಮೇಲೆ ಹೊರೆ ಹಾಕುವುದು ಸೋಮಾರಿತನ.

ತಪ್ಪಿಹೋಗುವವರು ಯಾರು?

ಲೆಕ್ಕ ಹೇಗಿದ್ದರೇನು, ಹಣ ಬಂತಲ್ಲ ಎಂದು ಕೇಳುವ ವರ್ತಕರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಇಂದಿನ ಜಾಹೀರಾತು ಯಂತ್ರಗಳು ಯಾರಿಗೆ ಜಾಹೀರಾತು ತೋರಿಸಬೇಕೆಂಬುದನ್ನು ಈ ಎಣಿಕೆಯಿಂದಲೇ ಕಲಿಯುತ್ತವೆ. ಯಾರು ಕೊಂಡರೆಂದು ವರದಿ ಬಂದಿತೋ ಅಂಥವರನ್ನೇ ಹೋಲುವವರನ್ನು ಹುಡುಕುತ್ತವೆ. ತಪ್ಪಿಹೋದ ಎಣಿಕೆ ಎಲ್ಲರಲ್ಲಿಯೂ ಸಮನಾಗಿ ಹಂಚಿಹೋಗಿದ್ದರೆ ಚಿಂತೆಯಿರಲಿಲ್ಲ. ಹಾಗಿಲ್ಲ. ಮೇಜಿನ ಗಣಕದಲ್ಲಿ ಕುಳಿತು ಕಾರ್ಡಿನಿಂದ ಪಾವತಿಸಿದವರು ಧನ್ಯವಾದ ಪುಟದವರೆಗೆ ಬರುತ್ತಾರೆ, ಎಣಿಕೆಯಾಗುತ್ತಾರೆ. ಅಗ್ಗದ ಮೊಬೈಲ್‌ನಲ್ಲಿ ಯುಪಿಐ ಮೂಲಕ ಪಾವತಿಸಿದವರು ಹೆಚ್ಚಾಗಿ ತಪ್ಪಿಹೋಗುತ್ತಾರೆ. ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಹಣ ಕೊಟ್ಟು ಕೊಂಡ ಗ್ರಾಹಕಿ ಯಂತ್ರದ ಪಾಲಿಗೆ ಬಂದು ನೋಡಿ ಬರಿಗೈಯಲ್ಲಿ ಹೋದವಳು. ವಾರಗಳು ಕಳೆದಂತೆ ಯಂತ್ರ ಆಕೆಯಂಥವರಿಗೆ ಜಾಹೀರಾತು ತೋರಿಸುವುದನ್ನು ಕಡಿಮೆ ಮಾಡಿ, ದುಬಾರಿ ಪೈಪೋಟಿಯಿರುವ ಮಹಾನಗರದ ಕಾರ್ಡ್ ಗ್ರಾಹಕರ ಹಿಂದೆ ಹೋಗುತ್ತದೆ. ದಾವಣಗೆರೆಯ ಅಂಗಡಿಗೆ ಅತಿ ಹತ್ತಿರದ, ಸಾಗಣೆ ವೆಚ್ಚ ಅತಿ ಕಡಿಮೆಯಿರುವ ಗ್ರಾಹಕರೇ ಕೈತಪ್ಪುತ್ತಾರೆ.

ಊರಿನ ಹೆಸರು ನೋಡಿ ಇದನ್ನು ಪತ್ತೆ ಹಚ್ಚುತ್ತೇನೆಂದರೂ ಆಗದು. ಮೊಬೈಲ್ ಜಾಲದ ಸಂಪರ್ಕಗಳು ದೂರದ ಕೇಂದ್ರಗಳ ಮೂಲಕ ಹಾದುಬರುವುದರಿಂದ ಇಲ್ಲಿನ ವಿದ್ಯಾನಗರದ ಗ್ರಾಹಕ ಬೆಂಗಳೂರಿನವನೆಂದು ದಾಖಲಾಗುವುದುಂಟು. ಊರಿಗಾಗಿ ಆರ್ಡರ್‌ನ ಪಿನ್‌ಕೋಡ್ ನೋಡಬೇಕು, ಅನಾಲಿಟಿಕ್ಸ್ ಅಲ್ಲ. ತಾಳೆ ಪಟ್ಟಿಯಲ್ಲಿ ತಪ್ಪಿಹೋದ ಆರ್ಡರ್‌ಗಳ ಪಕ್ಕ ಪಾವತಿಯ ಬಗೆ ಮತ್ತು ಪಿನ್‌ಕೋಡ್ ಎಂಬ ಎರಡು ಕಾಲಂ ಸೇರಿಸಿದರೆ ದೋಷದ ಜಾಡು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಸರ್ವರ್‌ಗೆ ಎಣಿಕೆಯ ಹೊಣೆ

ಹಣ ಜಮೆಯಾದೊಡನೆ ಪಾವತಿ ದ್ವಾರವು ಅಂಗಡಿಯ ಸರ್ವರ್‌ಗೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ವೆಬ್‌ಹುಕ್ ಎಂದು ಹೆಸರು. ಗ್ರಾಹಕನ ಮೊಬೈಲ್ ಆರಿಹೋಗಿದ್ದರೂ ಈ ಸುದ್ದಿ ಬರುತ್ತದೆ. ಖರೀದಿಯ ವರದಿಯನ್ನು ಈ ಸುದ್ದಿಯ ಆಧಾರದಲ್ಲಿ ಸರ್ವರ್‌ನಿಂದಲೇ ಕಳುಹಿಸುವುದು ಗಟ್ಟಿಯಾದ ಪರಿಹಾರ. ಗೂಗಲ್‌ನಲ್ಲಿ ಇದಕ್ಕೆ ಮೆಷರ್‌ಮೆಂಟ್ ಪ್ರೋಟೋಕಾಲ್, ಮೆಟಾದಲ್ಲಿ ಕನ್ವರ್ಷನ್ಸ್ ಎಪಿಐ ಎಂಬ ದಾರಿಗಳಿವೆ.

ಆದರೆ ಸರ್ವರ್‌ಗೆ ಗ್ರಾಹಕನ ಬ್ರೌಸರ್‌ನಲ್ಲಿದ್ದ ಚೀಟಿ ತಿಳಿಯದು. ಆದುದರಿಂದ ಗ್ರಾಹಕ ಪಾವತಿಗೆ ಹೊರಡುವ ಮುನ್ನವೇ, ಅನಾಲಿಟಿಕ್ಸ್ ಕೊಟ್ಟ ಗುರುತುಸಂಖ್ಯೆಯನ್ನೂ ಭೇಟಿಯ ಸಂಖ್ಯೆಯನ್ನೂ ಜಾಹೀರಾತಿನ ಗುರುತನ್ನೂ ಆರ್ಡರ್‌ನ ಜೊತೆಯಲ್ಲಿ ದತ್ತಸಂಚಯಕ್ಕೆ ಬರೆದಿಡಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟರೆ ಮಾರಾಟದ ಸಂಖ್ಯೆ ಸರಿಯಾಗಿ, ಅದು ಯಾವ ಜಾಹೀರಾತಿನಿಂದ ಬಂತೆಂಬುದು ಮಾತ್ರ ಕತ್ತಲಲ್ಲಿ ಉಳಿಯುತ್ತದೆ.

ಇನ್ನೂ ಮೂರು ಎಚ್ಚರಿಕೆಗಳು ಬೇಕು. ವೆಬ್‌ಹುಕ್ ಒಂದೇ ಪಾವತಿಗೆ ಎರಡು ಮೂರು ಬಾರಿ ಬರಬಹುದು. ಎಣಿಸಲಾಗಿದೆ ಎಂಬ ಗುರುತು ಇಲ್ಲಿಯೂ ಬೇಕು, ಸುದ್ದಿ ಪಾವತಿ ದ್ವಾರದ್ದೇ ಎಂಬುದನ್ನು ಅದರ ಸಹಿಯಿಂದ ಖಚಿತಪಡಿಸಿಕೊಳ್ಳಬೇಕು. ಮೆಟಾಗೆ ಬ್ರೌಸರ್‌ನಿಂದಲೂ ಸರ್ವರ್‌ನಿಂದಲೂ ವರದಿ ಹೋಗುವುದಾದರೆ ಎರಡರಲ್ಲಿಯೂ ಘಟನೆಯ ಹೆಸರು ಮತ್ತು ಘಟನಾ ಸಂಖ್ಯೆ ಒಂದೇ ಇರಬೇಕು, ಇಲ್ಲವಾದರೆ ಇಮ್ಮಡಿ ಎಣಿಕೆ. ಮೂರನೆಯದು ಮೆಷರ್‌ಮೆಂಟ್ ಪ್ರೋಟೋಕಾಲ್‌ನ ವಿಚಿತ್ರ ಸ್ವಭಾವ: ತಪ್ಪಾದ ವರದಿ ಕಳುಹಿಸಿದರೂ ಅದು ಸ್ವೀಕರಿಸಿದೆ ಎಂದೇ ಉತ್ತರಿಸುತ್ತದೆ. ಒಳಗೆ ಮೌನವಾಗಿ ಎಸೆದುಬಿಡುತ್ತದೆ. ಹೊಸದಾಗಿ ಬರೆದ ತಂತ್ರಾಂಶವನ್ನು ಮೊದಲು ಗೂಗಲ್ ಒದಗಿಸಿರುವ ಪರಿಶೀಲನಾ ಸರ್ವರ್‌ಗೆ ಕಳುಹಿಸಿ ನೋಡದೆ ನಂಬಬಾರದು.

ಪರೀಕ್ಷೆಯನ್ನು ಕಚೇರಿಯ ವೇಗದ ಗಣಕದಲ್ಲಿ ಮಾಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಳೆಯ ಮೊಬೈಲೊಂದನ್ನು ತೆಗೆದುಕೊಂಡು, ವೈಫೈ ಆರಿಸಿ, ಇನ್‌ಸ್ಟಾಗ್ರಾಂ ಕೊಂಡಿಯಿಂದ ಒಳಹೊಕ್ಕು, 10 ರೂ. ಸರಕನ್ನು ನಿಜವಾಗಿ ಯುಪಿಐನಲ್ಲಿ ಕೊಂಡು, ಹಸಿರು ಗುರುತು ಕಂಡೊಡನೆ ಮೊಬೈಲನ್ನು ಬದಿಗಿಟ್ಟುಬಿಡಬೇಕು. ಅದು ಎಣಿಕೆಯಾದರೆ ವ್ಯವಸ್ಥೆ ಸರಿಯಿದೆ. ಎಣಿಕೆಯಾಗದಿದ್ದರೆ ಬ್ರೌಸರ್‌ನ ತಯಾರಕರ ಪರಿಕರಗಳಲ್ಲಿ ನೆಟ್‌ವರ್ಕ್ ಪಟ್ಟಿಯನ್ನು ತೆರೆದು, ಕಲೆಕ್ಟ್ ಎಂಬ ಹೆಸರಿನ ಕೋರಿಕೆ ಹೊರಟಿತೇ, ಅದರಲ್ಲಿ ಪರ್ಚೇಸ್ ಎಂಬ ಪದವಿದೆಯೇ, 204 ಎಂಬ ಉತ್ತರ ಬಂದಿತೇ ಎಂದು ನೋಡಬೇಕು.

ಹರಿಹರದ ಲೆಕ್ಕ ಬೇರೆ

ಇಲ್ಲಿಂದ 14 ಕಿ.ಮೀ. ದೂರದ ಹರಿಹರದ ಪರಿಸ್ಥಿತಿ ಭಿನ್ನವಾದುದು. ಮೈಸೂರು ಕಿರ್ಲೋಸ್ಕರ್‌ನ ಲೇತ್ ಯಂತ್ರಗಳಿಂದ ಹೆಸರಾಗಿದ್ದ ಊರು ಅದು. ಕಾರ್ಖಾನೆ ಮುಚ್ಚಿಹೋಗಿ ವರ್ಷಗಳೇ ಕಳೆದಿವೆ. ಯಂತ್ರದ ಬಿಡಿಭಾಗದಂಥ ಸರಕನ್ನು ಯಾರೂ ಜಾಲತಾಣದ ಬುಟ್ಟಿಗೆ ಹಾಕಿ ಕೊಳ್ಳುವುದಿಲ್ಲ. ಜಾಲತಾಣ ನೋಡಿ ದೂರವಾಣಿ ಮಾಡುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಅಳತೆಯ ಚಿತ್ರ ಕಳುಹಿಸುತ್ತಾರೆ, ದರ ಕುದುರಿದ ಮೇಲೆ ಬ್ಯಾಂಕಿಗೆ ಹಣ ಹಾಕುತ್ತಾರೆ. ಇಂಥ ವ್ಯಾಪಾರಕ್ಕೆ ಧನ್ಯವಾದ ಪುಟವೇ ಇಲ್ಲ. ವಾಟ್ಸ್‌ಆ್ಯಪ್ ಗುಂಡಿ ಒತ್ತಿದ್ದನ್ನೇ ಖರೀದಿ ಎಂದು ಎಣಿಸಿದರೆ ಯಂತ್ರವು ಗುಂಡಿ ಒತ್ತುವವರನ್ನು ಹುಡುಕಿ ತರುತ್ತದೆ, ಕೊಳ್ಳುವವರನ್ನಲ್ಲ. ವಿಚಾರಣೆಯನ್ನು ವಿಚಾರಣೆಯೆಂದೇ ಎಣಿಸಿ, ಜಾಹೀರಾತಿನ ಗುರುತನ್ನು ಗ್ರಾಹಕನ ಹೆಸರಿನ ಪಕ್ಕ ಬರೆದಿಟ್ಟು, ಹಣ ಬಂದ ಮೇಲೆ ಮಾರಾಟದ ಪಟ್ಟಿಯನ್ನು ಜಾಹೀರಾತು ಖಾತೆಗೆ ಏರಿಸುವ ಸೌಲಭ್ಯವನ್ನು ಗೂಗಲ್ ಆಡ್ಸ್ ಒದಗಿಸಿದೆ.

ಮನೆಬಾಗಿಲಲ್ಲಿ ಹಣ ಪಡೆಯುವ ವ್ಯಾಪಾರಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ. ಆರ್ಡರ್ ಕೊಟ್ಟವನು ಪಾರ್ಸೆಲ್ ಬಂದಾಗ ಬೇಡವೆಂದು ಹಿಂತಿರುಗಿಸಿದರೆ ಅದು ಮಾರಾಟವಲ್ಲ, ಎರಡು ಬಾರಿಯ ಸಾಗಣೆ ವೆಚ್ಚದ ನಷ್ಟ. ಜಾವಾಸ್ಕ್ರಿಪ್ಟ್ ಮಾತ್ರ ಅದನ್ನು ಎಂದೋ ಜಯವೆಂದು ಬರೆದುಕೊಂಡಿರುತ್ತದೆ. ಸರಕು ತಲುಪಿದ ಮೇಲೆ ಎಣಿಸುವುದು ಅಥವಾ ಹಿಂತಿರುಗಿದ ಆರ್ಡರ್‌ಗೆ ಮರುಪಾವತಿಯ ವರದಿ ಕಳುಹಿಸುವುದು ಅಗತ್ಯ.

ಸರ್ವರ್ ಮೂಲಕ ಎಣಿಸಲು ಹೊರಟವರು ಗ್ರಾಹಕರ ದೂರವಾಣಿ ಸಂಖ್ಯೆ, ಮಿಂಚಂಚೆಗಳನ್ನೂ ಸಂಕೇತರೂಪಕ್ಕೆ ಬದಲಿಸಿ ಜಾಹೀರಾತು ಸಂಸ್ಥೆಗಳಿಗೆ ಕೊಡುವ ಪದ್ಧತಿಯಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಗ್ರಾಹಕರ ವಿವರವನ್ನು ಮೂರನೆಯವರಿಗೆ ಕಳುಹಿಸುವ ತುಣುಕನ್ನು ಈಗಲೇ ತೆಗೆದುಹಾಕುವುದು ಕ್ಷೇಮ.

ಎಲ್ಲ ತಿದ್ದುಪಡಿಯ ನಂತರವೂ ಎರಡು ಲೆಕ್ಕಗಳ ನಡುವೆ ಒಂದಿಷ್ಟು ಅಂತರ ಉಳಿದೇ ಉಳಿಯುತ್ತದೆ. ಅಂತರವು ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿದ್ದರೆ ಅದರೊಡನೆ ವ್ಯಾಪಾರ ನಡೆಸಬಹುದು. ಒಂದು ವಾರ ಹಠಾತ್ತಾಗಿ ಹಿಗ್ಗಿದರೆ, ಆ ವಾರ ಜಾಲತಾಣದಲ್ಲಿ ಏನನ್ನು ಬದಲಿಸಲಾಯಿತೆಂದು ಹುಡುಕಬೇಕು; ಅದಕ್ಕಾಗಿ ಪ್ರತಿ ಬದಲಾವಣೆಯ ದಿನಾಂಕವನ್ನೂ ಮಾಡಿದವರ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳಿತು. ಯುಗಾದಿ, ದೀಪಾವಳಿಗಳ ಹಿಂದಿನ ಎರಡು ವಾರ ಎಣಿಕೆಯ ತುಣುಕುಗಳನ್ನು ಮುಟ್ಟದಿರುವುದೇ ಲೇಸು.